ದನ ತುಳಿದ ದಾರಿಯಲ್ಲಿ ಓಟ

ಓಟಕ್ಕೆಂದೇ ಮಾಡಿದ ದಾರಿ ತೂಬಗೆರೆ ಸುತ್ತಮುತ್ತ ಒಂದೂ ಇಲ್ಲ. ಇರುವುದೆಲ್ಲ ಬೇರೆ ಯಾರೋ ಬೇರೆ ಯಾವುದೋ ಕೆಲಸಕ್ಕೆ ಮಾಡಿಕೊಂಡದ್ದು. ದನ ಮೇಯಲು ಹೋಗಿ ಬಂದು ಸವೆಸಿದ್ದು, ಗೊಬ್ಬರದ ಗಾಡಿ ಓಡಾಡಿ ಎರಡು ಗೆರೆ ಬಿದ್ದದ್ದು, ನೀರು ನಿಲ್ಲಿಸಲು ಏರಿ ಹಾಕಿದ್ದು, ದೇವರ ಹರಕೆಗೆ ಮೆಟ್ಟಿಲು ಕಟ್ಟಿದ್ದು, ನೀಲಗಿರಿ ಕಡಿದು ಸಾಗಿಸಲು ಲಾರಿ ನುಗ್ಗಿದ್ದು. ಭಾನುವಾರ ಬೆಳಿಗ್ಗೆ ಬೆಂಗಳೂರಿನಿಂದ ಕಾರಿನಲ್ಲಿ ಬಂದು, ಮೊಬೈಲಿನ ನಕ್ಷೆಯಲ್ಲಿ ಹಿಂದಿನವರು ಓಡಿದ ಗೆರೆ ಹಿಡಿದು ಹೊರಡುವವರು ಈಗ ಇಲ್ಲೂ ಕಾಣಸಿಗುತ್ತಾರೆ. ಆ ಗೆರೆ ಹೇಳುವುದು ಇಲ್ಲೊಂದು ದಾರಿಯಿದೆ ಎಂದಷ್ಟೆ. ಅದನ್ನು ಮೊದಲು ತುಳಿದವರು ಯಾರು ಎಂದು ಗೊತ್ತಾದರೆ ಏರು ಎಷ್ಟಿರುತ್ತದೆ, ನೆಲ ಎಂಥದ್ದು, ಯಾವ ತಿಂಗಳಲ್ಲಿ ಮುಚ್ಚಿಹೋಗುತ್ತದೆ, ಎದುರಿಗೆ ಏನು ಬರಬಹುದು ಎಂಬುದನ್ನೆಲ್ಲ ಶೂ ಲೇಸು ಕಟ್ಟುವ ಮೊದಲೇ ಅಂದಾಜು ಮಾಡಬಹುದು.

ದೊಡ್ಡಬಳ್ಳಾಪುರ ತಾಲ್ಲೂಕಿನ ಈ ಹೋಬಳಿ ಬಯಲೂ ಅಲ್ಲ, ಪೂರ್ತಿ ಬೆಟ್ಟವೂ ಅಲ್ಲ. ಸಮುದ್ರ ಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ರಾಗಿ ಹೊಲಗಳ ಬಯಲು ಪೂರ್ವಕ್ಕೆ ಹೋದಂತೆ ಅಲೆಅಲೆಯಾಗಿ ಎದ್ದು, ಕೊನೆಗೆ 1,478 ಮೀಟರಿನ ನಂದಿ ಬೆಟ್ಟಕ್ಕೆ ಮುಟ್ಟುತ್ತದೆ. ನಂದಿಯ ಜೊತೆಗೆ ಚನ್ನಗಿರಿ, ಬ್ರಹ್ಮಗಿರಿ, ದಿವ್ಯಗಿರಿ, ಸ್ಕಂದಗಿರಿ ಸೇರಿ ಪಂಚಗಿರಿ ಎನ್ನುವುದು ರೂಢಿ. ಇನ್ನೊಂದು ಮಗ್ಗುಲಿಗೆ ಘಾಟಿ ಸುಬ್ರಹ್ಮಣ್ಯ, ಅದರಾಚೆ ಮಾಕಳಿದುರ್ಗ. ಎಲ್ಲವೂ ಕಲ್ಲುಬೆಟ್ಟಗಳೇ. ನಡುವೆ ಕುರುಚಲು ಕಾಡು, ನೀಲಗಿರಿ ತೋಪು, ದ್ರಾಕ್ಷಿ ಚಪ್ಪರ, ಹಿಪ್ಪುನೇರಳೆ, ಬದುವಿನ ಮೇಲೆ ಹಲಸು.

ಹೊಸದಾಗಿ ಓಟ ಶುರು ಮಾಡುವವರು ಕೆರೆ ಏರಿಯಿಂದ ಆರಂಭಿಸುವುದು ಒಳ್ಳೆಯದು. ಅರ್ಕಾವತಿ ಹುಟ್ಟುವುದು ನಂದಿ ಬೆಟ್ಟದ ಸಾಲಿನಲ್ಲಿ. ಮುಂದೆ ಹೆಸರಘಟ್ಟ, ತಿಪ್ಪಗೊಂಡನಹಳ್ಳಿ ಜಲಾಶಯಗಳವರೆಗೂ ಅದರ ಹಾದಿಯಲ್ಲಿ ಕೆರೆಗಳ ಸರಪಳಿ ಇದೆ. ಮೇಲಿನ ಕೆರೆ ಕೋಡಿ ಬಿದ್ದರೆ ಕೆಳಗಿನ ಕೆರೆಗೆ ನೀರು. ನೀರು ಮಟ್ಟವಾಗಿ ನಿಲ್ಲುವುದರಿಂದ ಅದನ್ನು ತಡೆಯುವ ಏರಿಯ ತಲೆಯೂ ಮಟ್ಟವಾಗಿಯೇ ಇರಬೇಕು. ಬೆಟ್ಟದ ಸೀಮೆಯಲ್ಲಿ ನಿಮ್ಮ ಮಂಡಿಗೆ ಏರು ಇಳಿವು ಇಲ್ಲದ ನೆಲ ಬೇಕೆಂದರೆ ಇದನ್ನು ಬಿಟ್ಟು ಇನ್ನೊಂದಿಲ್ಲ. ತುದಿಯಲ್ಲಿ ಕೋಡಿ ಕಲ್ಲು ಸಿಕ್ಕಾಗ ಮಾತ್ರ ಓಟ ನಿಲ್ಲಿಸಿ ನಡೆಯಿರಿ. ಮಳೆಗಾಲದಲ್ಲಿ ಅಲ್ಲಿ ಪಾಚಿ ಹಿಡಿದಿರುತ್ತದೆ, ಎಂಥ ದುಬಾರಿ ಶೂ ಹಾಕಿದ್ದರೂ ಜಾರುತ್ತದೆ.

ಏರಿಯ ಮೇಲೆ ಬೆಳಿಗ್ಗೆ ಐದೂವರೆಗೆ ನಿಮಗಿಂತ ಮೊದಲೇ ಓಡುತ್ತಿರುವ ಹುಡುಗರು ಸಿಕ್ಕಿದರೆ ಅವರು ಆರೋಗ್ಯಕ್ಕಾಗಿ ಓಡುವವರಲ್ಲ. 'ಪಿಸಿ'ಗೆ ಅರ್ಜಿ ಹಾಕಿದವರು, ಇಲ್ಲವೇ ಸೇನೆಯ ಭರ್ತಿಗೆ ಹೊರಟವರು. ಪೊಲೀಸ್ ಕಾನ್‌ಸ್ಟೆಬಲ್ ದೈಹಿಕ ಪರೀಕ್ಷೆಯಲ್ಲಿ ಗಂಡಸರು 1,600 ಮೀಟರನ್ನು ಆರೂವರೆ ನಿಮಿಷದೊಳಗೆ ಮುಗಿಸಬೇಕು, ಹೆಂಗಸರು 400 ಮೀಟರನ್ನು ಎರಡು ನಿಮಿಷದೊಳಗೆ. ಸೇನೆಯ ಭರ್ತಿಯಲ್ಲಿ 1.6 ಕಿ.ಮೀ. ಓಟಕ್ಕೆ ಪೂರ್ತಿ 60 ಅಂಕ ಬೇಕೆಂದರೆ ಐದೂವರೆ ನಿಮಿಷದೊಳಗೆ ಬರಬೇಕು. ನಮ್ಮ ಗ್ರಾಮೀಣ ಓಟ ಎಂದರೆ ವಾಸ್ತವದಲ್ಲಿ ಇದೇ. ಪತ್ರಿಕೆಗಳ ಫಿಟ್‌ನೆಸ್ ಪುರವಣಿಗಳಲ್ಲಿ ಈ ಹುಡುಗರ ಫೋಟೊ ಬರುವುದಿಲ್ಲ. ಓಟದ ಗಡಿಯಾರ, ಜೆಲ್ ಪ್ಯಾಕೆಟ್ ಯಾವುದೂ ಇಲ್ಲದೆ ಏರಿಯ ಈ ತುದಿಯಿಂದ ಆ ತುದಿಗೆ ಎಷ್ಟು ಸಲ ಹೋಗಿ ಬಂದರೆ 1,600 ಮೀಟರ್ ಆಗುತ್ತದೆ ಎಂದು ಅವರಿಗೆ ಬಾಯಿಪಾಠ. ಅವರನ್ನು ಏರು ದಾರಿಗೆ ಕರೆದರೆ ಬರುವುದಿಲ್ಲ. ಪರೀಕ್ಷೆ ಮೈದಾನದಲ್ಲಿ ನಡೆಯುವಾಗ ಬೆಟ್ಟ ಯಾಕೆ ಹತ್ತಬೇಕು ಎಂಬುದು ಅವರ ವಾದ. ನನ್ನ ಅಭಿಪ್ರಾಯ ಬೇರೆ. ವಾರಕ್ಕೊಮ್ಮೆ ಸಣ್ಣ ಏರನ್ನು ಎಂಟು ಹತ್ತು ಸಲ ಹತ್ತಿಳಿದರೆ ಕಾಲಿಗೆ ಬರುವ ಕಸುವು ಕೊನೆಯ ಇನ್ನೂರು ಮೀಟರಿನಲ್ಲಿ ಗೊತ್ತಾಗುತ್ತದೆ. ಮಧ್ಯಮ ದೂರದ ಓಟಗಾರರನ್ನು ತಯಾರು ಮಾಡುವ ಕೋಚ್‌ಗಳು ಜಗತ್ತಿನಾದ್ಯಂತ ಇದನ್ನು ಮಾಡಿಸುತ್ತಾರೆ.

ಬಂಡಿದಾರಿಯ ಕಥೆ ಚುಟುಕು. ಗಾಲಿ ಹರಿದ ಎರಡು ಗುಂಡಿಗೆರೆ, ನಡುವೆ ಹುಲ್ಲಿನ ದಿಂಡು. ಎತ್ತು ಹೂಡಿದ ತುಂಬು ಗಾಡಿ ಏರಬಲ್ಲಷ್ಟೇ ಏರು ಅದರಲ್ಲಿರುವುದರಿಂದ ಉಸಿರು ಕಟ್ಟುವ ಭಯವಿಲ್ಲ. ಈಗ ಗಾಡಿಯ ಜಾಗಕ್ಕೆ ಟ್ರಾಕ್ಟರ್ ಬಂದು ಗುಂಡಿ ಆಳವಾಗಿದೆ, ಹಿಂಗಾರಿನಲ್ಲಿ ನೀರು ನಿಂತು ಪಾದ ಹೂತುಹೋಗುತ್ತದೆ. ಹಾಗಾಗಿ ಓಡಬೇಕಾದದ್ದು ನಡುವಿನ ಹುಲ್ಲಿನ ಮೇಲೆ. ನವೆಂಬರ್, ಡಿಸೆಂಬರಿನಲ್ಲಿ ರಾಗಿ ಕೊಯ್ಲಾದಾಗ ತಾರು ರಸ್ತೆಯೇ ಕಣವಾಗುತ್ತದಲ್ಲ, ಆಗ ಈ ಮಣ್ಣುದಾರಿಗಳೇ ಗತಿ. ಹರಡಿದ ತೆನೆಯ ಮೇಲೆ ಕಾರು ಓಡಲೆಂದು ರೈತರು ಕಾಯುತ್ತಾರೆ, ಮನುಷ್ಯರ ಕಾಲು ಬೀಳುವುದು ಅವರಿಗೆ ಬೇಕಿಲ್ಲ.

ಇನ್ನು ದನದ ದಾರಿ. ತೂಬಗೆರೆ ಕಡೆಯ ಗುಡ್ಡಗಳನ್ನು ಬೇಸಿಗೆಯಲ್ಲಿ, ಹುಲ್ಲು ಒಣಗಿದ ಮೇಲೆ ನೋಡಿ. ಇಳಿಜಾರಿನ ಮೈಮೇಲೆ ಒಂದರ ಮೇಲೊಂದು ಅಡ್ಡಗೆರೆ ಎಳೆದಂತೆ ಸಣ್ಣ ಸಣ್ಣ ದಾರಿಗಳು ಕಾಣುತ್ತವೆ. ದನ ನೇರ ಬೆಟ್ಟ ಹತ್ತುವುದಿಲ್ಲ. ಗುಡ್ಡದ ಸೊಂಟ ಬಳಸಿ ಓರೆಯಾಗಿ, ಮೇಯುತ್ತ, ತನಗರಿವಿಲ್ಲದೆ ಮೇಲೇರುತ್ತದೆ. ಒಂದು ಅಡಿ ಅಗಲದ ಆ ಜಾಡಿನಲ್ಲಿ ಗೊರಸು ಬಿದ್ದು ಬಿದ್ದು ಕಲ್ಲು ಪಕ್ಕಕ್ಕೆ ಸರಿದಿರುತ್ತದೆ, ಮಣ್ಣು ಗಟ್ಟಿಯಾಗಿರುತ್ತದೆ. ಓಟಗಾರನಿಗೆ ಇದಕ್ಕಿಂತ ಚೆನ್ನಾದ ಏರು ಸಿಗಲಾರದು. ಅದೇ ಗುಡ್ಡಕ್ಕೆ ನೇರವಾಗಿ ಹತ್ತುವ ಜಾಡು ಇದ್ದರೆ ಅದು ಸೌದೆಯವರದೋ, ಮಳೆನೀರಿನದೋ, ಇಲ್ಲವೇ ಬೆಂಗಳೂರಿನ ಟ್ರೆಕ್ಕಿಂಗ್ ಹುಡುಗರದೋ ಆಗಿರುತ್ತದೆ. ಮೂರೂ ಓಡಲು ಬಾರದವು.

ಓರೆ ದಾರಿ ಏಕೆ ಹಗುರ ಎಂಬುದಕ್ಕೆ ಲೆಕ್ಕವಿದೆ. ಸ್ಕಾಟ್ಲೆಂಡಿನ ವಿಲಿಯಂ ನೇಸ್ಮಿತ್ 1892ರಲ್ಲಿ ಬೆಟ್ಟ ನಡೆಯುವವರಿಗೆ ಒಂದು ಸೂತ್ರ ಕೊಟ್ಟ: ಮೂರು ಮೈಲಿಗೆ ಒಂದು ಗಂಟೆ, ಮೇಲೇರಿದ ಪ್ರತಿ 2,000 ಅಡಿಗೆ ಇನ್ನೊಂದು ಗಂಟೆ. ಇದನ್ನು ತಿರುಗಿಸಿ ನೋಡಿದರೆ ನೂರು ಮೀಟರ್ ಏರು ಸಮತಟ್ಟಿನ ಸುಮಾರು 800 ಮೀಟರಿಗೆ ಸಮ. ತೂಬಗೆರೆಯ ಸುತ್ತ ಹತ್ತು ಕಿ.ಮೀ. ಓಡಿ, ಅದರಲ್ಲಿ ಒಟ್ಟು 200 ಮೀಟರ್ ಹತ್ತಿದ್ದರೆ ನೀವು ಲಾಲ್‌ಬಾಗಿನ ಲೆಕ್ಕದಲ್ಲಿ ಓಡಿದ್ದು ಹನ್ನೊಂದೂವರೆ ಕಿ.ಮೀ.ಗಿಂತ ಹೆಚ್ಚು. ಬಯಲಿನಿಂದ ನಂದಿಯ ತುದಿ ಮುಟ್ಟುವುದೆಂದರೆ ಸುಮಾರು 600 ಮೀಟರ್ ಏರು, ಅಂದರೆ ದೂರದ ಜೊತೆಗೆ ಇನ್ನೂ ಸುಮಾರು ಐದು ಕಿ.ಮೀ. ಕಾಣದ ದುಡಿಮೆ. ಬೆಂಗಳೂರಿನಲ್ಲಿ ಕಿಲೋಮೀಟರಿಗೆ ಆರು ನಿಮಿಷ ಹಿಡಿಯುವವರು ಇಲ್ಲಿ ಎಂಟು ನಿಮಿಷ ಹಿಡಿದರೆ ಗಾಬರಿ ಬೀಳಬೇಕಿಲ್ಲ.

ಇಟಲಿಯ ಆಲ್ಬರ್ಟೊ ಮಿನೆಟ್ಟಿ ಮತ್ತು ಸಂಗಡಿಗರು 2002ರಲ್ಲಿ ಪ್ರಕಟಿಸಿದ ಅಳತೆಗಳು ಇನ್ನೂ ಸೂಕ್ಷ್ಮ. ನೂರಕ್ಕೆ 45ರಷ್ಟು ಕಡಿದಾದ ಏರಿನಲ್ಲಿ ಓಡಿದರೆ ಸಮತಟ್ಟಿನ ಐದು ಪಟ್ಟಿಗಿಂತ ಹೆಚ್ಚು ಶಕ್ತಿ ಬೇಕು. ಇಳಿಯುವಾಗ ನೂರಕ್ಕೆ 20ರ ಇಳಿಜಾರಿನಲ್ಲಿ ಸಮತಟ್ಟಿನ ಅರ್ಧದಷ್ಟೇ ಸಾಕು. ಅದಕ್ಕಿಂತ ಕಡಿದಾದರೆ ಖರ್ಚು ಮತ್ತೆ ಏರುತ್ತದೆ, ಏಕೆಂದರೆ ಅಲ್ಲಿ ಮೈಯನ್ನು ತಡೆಹಿಡಿಯುವುದೇ ಕೆಲಸವಾಗುತ್ತದೆ. ಇದರಿಂದ ತಿಳಿಯುವುದು ಎರಡು. ಕಡಿದಾದ ಏರು ಬಂದಾಗ ಕೈ ತೊಡೆಯ ಮೇಲಿಟ್ಟು ನಡೆಯುವುದು ಸೋಲಲ್ಲ, ಗೆಲ್ಲುವ ಬೆಟ್ಟದ ಓಟಗಾರರೂ ನಡೆಯುತ್ತಾರೆ. ಎರಡನೆಯದು, ಇಳಿಜಾರು ಉಸಿರಿಗೆ ಅಗ್ಗ, ತೊಡೆಗೆ ದುಬಾರಿ. ಇಳಿಯುವಾಗ ತೊಡೆಯ ಮುಂಭಾಗದ ಸ್ನಾಯು ಹಿಗ್ಗುತ್ತಲೇ ಭಾರ ಹೊರುತ್ತದೆ, ಒಳಗಿನ ಎಳೆಗಳು ಸೂಕ್ಷ್ಮವಾಗಿ ಹರಿಯುತ್ತವೆ. ಅಂದು ಏನೂ ಅನ್ನಿಸುವುದಿಲ್ಲ. ಮರುದಿನ, ಅದರ ಮರುದಿನ ಮೆಟ್ಟಿಲು ಇಳಿಯುವಾಗ ಗೋಡೆ ಹಿಡಿಯಬೇಕಾಗುತ್ತದೆ. ಸಮಾಧಾನವೆಂದರೆ ಒಂದು ಸಲ ಹೀಗಾದ ಸ್ನಾಯು ಕೆಲವು ವಾರ ಅದನ್ನು ನೆನಪಿಟ್ಟುಕೊಂಡು, ಮುಂದಿನ ಸಲ ಅಷ್ಟು ನೋಯುವುದಿಲ್ಲ.

ನಮ್ಮ ಗುಡ್ಡಗಳ ಇಳಿಜಾರಿಗೆ ಇನ್ನೊಂದು ಗುಣವಿದೆ. ಬಂಡೆ ಬಿಸಿಲಿಗೆ, ಮಳೆಗೆ ಸವೆದು ಉದುರುವ ಗರಸು ಹಾಸುಬಂಡೆಯ ಮೇಲೆ ತೆಳ್ಳಗೆ ಹರಡಿರುತ್ತದೆ. ಅದರ ಮೇಲೆ ಕಾಲಿಡುವುದು ಸಾರಿಸಿದ ನೆಲದ ಮೇಲೆ ಚೆಲ್ಲಿದ ರಾಗಿಯ ಮೇಲೆ ಕಾಲಿಟ್ಟಂತೆ. ಬರಿಯ ಬಂಡೆ ಒಣಗಿದ್ದರೆ ಹಿಡಿತ ಚೆನ್ನಾಗಿಯೇ ಇರುತ್ತದೆ. ಬಂಡೆಯೂ ಗರಸೂ ಸೇರುವ ಗೇಣು ಜಾಗದಲ್ಲೇ ಬೀಳುವುದು. ಹಿಂದಕ್ಕೆ ವಾಲಿ, ಹಿಮ್ಮಡಿ ಊರಿ ಬ್ರೇಕು ಹಾಕುವವರು ಖಂಡಿತ ಜಾರುತ್ತಾರೆ. ಮೈ ತುಸು ಮುಂದಕ್ಕೆ ಬಿಟ್ಟು, ಹೆಜ್ಜೆ ಗಿಡ್ಡ ಮಾಡಿ, ಬೇಗ ಬೇಗ ಕಾಲು ಎತ್ತಿ ಇಡಬೇಕು. ಮೇಕೆ ಹಿಂಡು ಇಳಿಯುವುದನ್ನು ನಿಂತು ನೋಡಿದರೆ ಅರ್ಥವಾಗುತ್ತದೆ.

ಕಾಡು ಎಂದು ಹೊರಗಿನವರು ಕರೆಯುವ ಹಸಿರಿನಲ್ಲಿ ಬಹುಪಾಲು ನೀಲಗಿರಿ. ಇದರ ಹುಟ್ಟೂರು ಆಸ್ಟ್ರೇಲಿಯಾ ಆದರೂ ಭಾರತದ ಮಟ್ಟಿಗೆ ಇದು ನಮ್ಮ ಪಕ್ಕದ ಬೆಟ್ಟದ್ದೇ. 1790ರ ಸುಮಾರಿಗೆ ಟಿಪ್ಪು ಸುಲ್ತಾನ್ ನಂದಿ ಬೆಟ್ಟದ ತೋಟದಲ್ಲಿ ಇದನ್ನು ನೆಡಿಸಿದ ಎನ್ನುತ್ತಾರೆ ಸಸ್ಯ ಚರಿತ್ರೆಕಾರರು. ಮುಂದೆ 'ಮೈಸೂರು ಗಮ್' ಎಂಬ ಹೆಸರಿನಲ್ಲಿ ದೇಶದ ತುಂಬ ಹರಡಿದ ತಳಿಯ ಮೂಲವೂ ನಂದಿಯೇ. 1980ರ ದಶಕದ ಸಾಮಾಜಿಕ ಅರಣ್ಯ ಯೋಜನೆಯ ಕಾಲಕ್ಕೆ ಅದು ಬೆಟ್ಟ ಇಳಿದು ರಾಗಿ ಹೊಲಕ್ಕೆ ಬಂತು. ಅಂತರ್ಜಲದ ತಕರಾರು ಬೆಳೆದು 2017ರಲ್ಲಿ ರಾಜ್ಯ ಸರ್ಕಾರ ಹೊಸದಾಗಿ ನೆಡುವುದನ್ನು ನಿಷೇಧಿಸಿತು. ಹಳೆಯ ತೋಪುಗಳು ಮಾತ್ರ ಕಡಿದಷ್ಟೂ ಚಿಗುರುತ್ತಿವೆ. ಓಡುವವರಿಗೆ ಇದರಿಂದ ಏನಾಗುತ್ತದೆ ಎಂದರೆ, ತೋಪಿನ ಸಾಲುಗಳ ನಡುವಿನ ದಾರಿ ಏಳೆಂಟು ವರ್ಷ ನೆರಳಾಗಿ, ಮೆತ್ತಗೆ, ಹಿತವಾಗಿ ಇರುತ್ತದೆ. ಕಟಾವಾದ ವಾರವೇ ಮಾಯ. ಲಾರಿ ಹರಿದು ನೆಲ ಉತ್ತಂತಾಗಿ, ಕೊಂಬೆ ರೆಂಬೆ ಅಡ್ಡ ಬಿದ್ದು, ಒಣ ಎಲೆಯ ಕೆಳಗೆ ಮೋಟು ಅಡಗಿರುತ್ತದೆ. ಮೊಬೈಲ್ ಮಾತ್ರ ಹೋದ ವರ್ಷದ ಗೆರೆಯನ್ನೇ ತೋರಿಸುತ್ತಿರುತ್ತದೆ. ನೀಲಗಿರಿಯ ನೆರಳಿಗಿಂತ ನನಗೆ ಹಲಸಿನ ಬದುಗಳೇ ಇಷ್ಟ. ತೂಬಗೆರೆಯ ಹಲಸು, ಅದರಲ್ಲೂ ಕೆಂಪು ತೊಳೆಯ ಚಂದ್ರ ಹಲಸು ಹೆಸರುವಾಸಿ, ಬೆಳೆಗಾರರು ಸಂಘವನ್ನೇ ಕಟ್ಟಿಕೊಂಡಿದ್ದಾರೆ. ಜೂನಿನಲ್ಲಿ ಆ ದಾರಿಯಲ್ಲಿ ಓಡಲು ಹೊರಟು ಹಣ್ಣಿನ ವಾಸನೆಗೆ ನಿಂತವರನ್ನು ಎಷ್ಟು ದೂರ ಓಡಿದಿರಿ ಎಂದು ಕೇಳಬಾರದು.

ದೇವರ ದಾರಿಗಳು ಎರಡು ಬಗೆ. ಮೇಲಕ್ಕೆ ಹೋಗುವವು ಯಾವ ಮುಲಾಜೂ ಇಲ್ಲದೆ ನೇರ ಹತ್ತುತ್ತವೆ, ಸುಲ್ತಾನ್‌ಪೇಟೆಯ ಕಡೆಯಿಂದ ನಂದಿಗಿರುವ ಹಳೆಯ ಮೆಟ್ಟಿಲುಗಳ ಹಾಗೆ. ಹರಕೆಯವರಿಗೆ ಬೇಗ ತಲುಪುವುದು ಮುಖ್ಯ, ತೊಡೆನೋವು ಹರಕೆಯ ಲೆಕ್ಕಕ್ಕೇ ಹೋಗುತ್ತದೆ. ಸುತ್ತು ಹಾಕುವವು ಬೇರೆ. ಆಷಾಢದ ಕಡೆಯ ಸೋಮವಾರ ನಂದಿಗಿರಿ ಪ್ರದಕ್ಷಿಣೆ ನಡೆಯುತ್ತದೆ. ನಂದಿ ಗ್ರಾಮದ ಭೋಗನಂದೀಶ್ವರನಿಗೆ ಕೈಮುಗಿದು ಹೊರಟು, ಹೆಗ್ಗಡಿಹಳ್ಳಿ, ಕಣಿವೆ ಬಸವಣ್ಣ, ಸುಲ್ತಾನ್‌ಪೇಟೆ ಹಾದು ಬೆಟ್ಟವನ್ನು ಬಲಕ್ಕಿಟ್ಟುಕೊಂಡು ಒಂದು ಸುತ್ತು ಬರುವುದು. ಸುಮಾರು 14 ಕಿ.ಮೀ. ಮುದುಕಿಯರು ಬರಿಗಾಲಲ್ಲಿ, ಸೊಂಟಕ್ಕೆ ಸೆರಗು ಸಿಕ್ಕಿಸಿಕೊಂಡು, ಮಾತಾಡುತ್ತಲೇ ಮುಗಿಸುತ್ತಾರೆ. ಬೆಟ್ಟದ ಸುತ್ತಿನ ಓಟಕ್ಕೆ ಇದಕ್ಕಿಂತ ಚೆನ್ನಾಗಿ ಪರೀಕ್ಷೆಯಾದ ದಾರಿಯನ್ನು ಯಾವ ಸ್ಪರ್ಧೆಯವರೂ ಕೊಡಲಾರರು. ಆ ಒಂದು ದಿನ ಬಿಟ್ಟು ಉಳಿದ ದಿನ ಓಡಿ, ಆ ದಿನ ನಡೆಯಿರಿ. ಹಾಗೆಯೇ ಡಿಸೆಂಬರ್, ಜನವರಿಯಲ್ಲಿ ಘಾಟಿಯ ದನಗಳ ಜಾತ್ರೆ ಕೂಡಿದಾಗ ಆ ದಿಕ್ಕಿಗೆ ಹೋಗದಿರುವುದು ಲೇಸು. ಹಳ್ಳಿಕಾರ್ ಎತ್ತುಗಳಿಗೆ ಎದುರಿನಿಂದ ಓಡಿಬರುವ ಮನುಷ್ಯನ ಮೇಲೆ ನಂಬಿಕೆ ಇಲ್ಲ.

ಮಾಕಳಿದುರ್ಗದ ವಿಷಯದಲ್ಲಿ ಸ್ವಲ್ಪ ಕಟುವಾಗಿಯೇ ಹೇಳಬೇಕು. ದೊಡ್ಡಬಳ್ಳಾಪುರದಿಂದ ಗೌರಿಬಿದನೂರಿಗೆ ಹೋಗುವ ರೈಲು ಅದರ ಬುಡದಲ್ಲೇ ಹಾಯುತ್ತದೆ. ಹಳಿಯ ಮೇಲೆ ನಡೆಯುತ್ತ, ಓಡುತ್ತ, ಸೆಲ್ಫಿ ತೆಗೆಯುತ್ತ ಬೆಟ್ಟದ ಬುಡ ತಲುಪುವುದು ಒಂದು ಚಟವಾಗಿದೆ. 1989ರ ರೈಲ್ವೆ ಕಾಯ್ದೆಯ 147ನೇ ಸೆಕ್ಷನ್ ಪ್ರಕಾರ ಹಳಿಯ ಮೇಲಿನ ಅತಿಕ್ರಮ ಪ್ರವೇಶಕ್ಕೆ ಆರು ತಿಂಗಳವರೆಗೆ ಸಜೆ ಅಥವಾ ಸಾವಿರ ರೂಪಾಯಿವರೆಗೆ ದಂಡ. ಕಾಯ್ದೆ ಹಾಗಿರಲಿ, ತಿರುವಿನಲ್ಲಿ ಬರುವ ರೈಲಿನ ಸದ್ದು ಬೆಟ್ಟಕ್ಕೆ ಬಡಿದು ಯಾವ ಕಡೆಯಿಂದ ಬಂತೆಂದು ಗೊತ್ತಾಗುವುದಿಲ್ಲ, ಕಿವಿಯಲ್ಲಿ ಹಾಡು ತುರುಕಿಕೊಂಡವರಿಗಂತೂ ಕೇಳುವುದೇ ಇಲ್ಲ. ಬೆಟ್ಟ ಹತ್ತಲು ಅರಣ್ಯ ಇಲಾಖೆಯಲ್ಲಿ ಆನ್‌ಲೈನ್ ಬುಕಿಂಗ್ ಮಾಡಬೇಕು, ಸ್ಕಂದಗಿರಿಗೂ ಹಾಗೆಯೇ. 2024ರ ಜನವರಿಯಲ್ಲಿ ಕುಮಾರಪರ್ವತದಲ್ಲಿ ಜನ ಮುಗಿಬಿದ್ದ ಮೇಲೆ ರಾಜ್ಯದಲ್ಲಿ ಚಾರಣದ ನಿಯಮ ಬಿಗಿಯಾಯಿತು. ಓಡುವವರು ನಾವು ಚಾರಣಿಗರಲ್ಲ ಎಂದು ಗೇಟಿನಲ್ಲಿ ವಾದ ಮಾಡುವುದನ್ನು ಕೇಳಿದ್ದೇನೆ. ಅರಣ್ಯ ಕಾಯ್ದೆಗೆ ಮೀಸಲು ಅರಣ್ಯದೊಳಗೆ ಅಪ್ಪಣೆಯಿಲ್ಲದೆ ಬಂದ ಕಾಲು ನಡೆಯಿತೋ ಓಡಿತೋ ಮುಖ್ಯವಲ್ಲ.

ಇಲ್ಲಿ ಒಂದು ಭ್ರಮೆಯನ್ನೂ ಕಳಚಿಬಿಡೋಣ. ಕೀನ್ಯಾದಲ್ಲೂ ಒಂದು ನಂದಿ ಬೆಟ್ಟವಿದೆ. ಹೆಸರು ಕಾಕತಾಳೀಯ, ಅಲ್ಲಿಯದು ನಂದಿ ಜನಾಂಗದ ಸೀಮೆ. 1968ರ ಮೆಕ್ಸಿಕೊ ಒಲಿಂಪಿಕ್ಸ್‌ನಲ್ಲಿ 1,500 ಮೀಟರ್ ಚಿನ್ನ ಗೆದ್ದ ಕಿಪ್ ಕೀನೊ, ಮ್ಯಾರಥಾನನ್ನು 2022ರಲ್ಲಿ ಬರ್ಲಿನ್‌ನಲ್ಲಿ 2 ಗಂಟೆ 1 ನಿಮಿಷ 9 ಸೆಕೆಂಡಿಗೆ ಓಡಿದ ಎಲಿಯುಡ್ ಕಿಪ್‌ಚೋಗೆ ಇಬ್ಬರೂ ಆ ಸೀಮೆಯವರು. ಅಲ್ಲಿಯ ಕೆಮ್ಮಣ್ಣಿನ ದಾರಿ ನಮ್ಮ ಬಂಡಿದಾರಿಯಂತೆಯೇ ಕಾಣುತ್ತದೆ. ಆದರೆ ಅವರು ಓಡಾಡಿ ಬೆಳೆಯುವುದು ಎರಡು ಸಾವಿರ ಮೀಟರಿನ ಆಸುಪಾಸಿನಲ್ಲಿ. ತೆಳುಗಾಳಿಗೆ ರಕ್ತ ಒಗ್ಗಿಕೊಳ್ಳಬೇಕಾದರೆ ಅಷ್ಟು ಎತ್ತರದಲ್ಲಿ ವಾರಗಟ್ಟಲೆ ಇರಬೇಕು. ನಮ್ಮ ನಂದಿಯಲ್ಲಿ 'ಹೈ ಆಲ್ಟಿಟ್ಯೂಡ್ ತರಬೇತಿ' ಎಂದು ಯಾರಾದರೂ ದುಡ್ಡು ಕೇಳಿದರೆ ಕೊಡಬೇಡಿ. ಇಲ್ಲಿ ಸಿಗುವುದು ಏರು, ತಂಪು, ಒಳ್ಳೆಯ ನೆಲ. ಅದಕ್ಕೆ ದುಡ್ಡು ಕೊಡಬೇಕಿಲ್ಲ.

ಪ್ರಾಣಿಗಳ ಬಗ್ಗೆ ಹೊಸಬರು ಚಿರತೆಯನ್ನೇ ಕೇಳುತ್ತಾರೆ. ಈ ಗುಡ್ಡಗಳಲ್ಲಿ ಚಿರತೆ ಇದೆ. ಅದಕ್ಕೆಂದೇ ನಸುಕಿನ ಕತ್ತಲಲ್ಲಿ ಒಬ್ಬರೇ ಕುರುಚಲಿನೊಳಗೆ ಓಡುವುದು ಬೇಡ, ಬೆಳಕು ಹರಿದ ಮೇಲೆ ಹೊರಡಿ. ದಿನದಿನದ ಅಪಾಯ ಮಾತ್ರ ಕೊಳಕುಮಂಡಲದ್ದು, ಒಣ ಎಲೆಯಲ್ಲಿ ಅದು ಕಾಣುವುದೇ ಇಲ್ಲ. ಅದಕ್ಕಿಂತ ಖಾತ್ರಿಯಾಗಿ ಸಿಗುವುದು ಕುರಿಹಟ್ಟಿಯ ನಾಯಿ. "ಆ ಕಡೆ ಹೋಗ್ಬೇಡಿ ಸಾ, ನಾಯಿ ಅವೆ. ಓಡೋರ್ನ ಕಂಡ್ರೆ ಬಿಡಲ್ಲ. ನಡ್ಕೊಂಡೋದ್ರೆ ಏನೂ ಮಾಡಲ್ಲ" ಎಂದು ಕುರಿಯವರೇ ಕೂಗಿ ಹೇಳುತ್ತಾರೆ. ಹೇಳಿದಂತೆ ಕೇಳಿದರೆ ಮುಗಿಯಿತು.

ಇಷ್ಟೆಲ್ಲ ದಾರಿಗಳು ಯಾರ ಸ್ವತ್ತು? ಮೀಸಲು ಅರಣ್ಯ ಅರಣ್ಯ ಇಲಾಖೆಯದು. ಗುಡ್ಡದ ಬುಡದ ಮೇವಿನ ಜಾಗ ಹೆಚ್ಚಾಗಿ ಗೋಮಾಳ. ನೂರು ರಾಸಿಗೆ 12 ಹೆಕ್ಟೇರ್, ಅಂದರೆ 30 ಎಕರೆ ಇರಬೇಕೆನ್ನುವುದು ಭೂಕಂದಾಯ ನಿಯಮ. ದಾರಿ, ಕೆರೆ, ಹಳ್ಳ, ಸ್ಮಶಾನಗಳು ಪಹಣಿಯಲ್ಲಿ 'ಬಿ ಖರಾಬು' ಎಂದು ಬರುತ್ತವೆ, ಅದು ಸಾರ್ವಜನಿಕರದು. ಗ್ರಾಮ ನಕಾಶೆಯಲ್ಲಿ ಚುಕ್ಕೆಗೆರೆಯಾಗಿ ಕಾಣುವ ಕಾಲುದಾರಿ, ಬಂಡಿದಾರಿಗಳನ್ನು ಊರಿನವರು 'ನಕಾಶೆ ದಾರಿ' ಎನ್ನುತ್ತಾರೆ. ರಾಜ್ಯ ಸರ್ಕಾರದ ದಿಶಾಂಕ್ ಆ್ಯಪ್ ತೆರೆದರೆ ನೀವು ನಿಂತಿರುವ ಜಾಗದ ಸರ್ವೆ ನಂಬರು ಸಿಗುತ್ತದೆ. ಇವೆಲ್ಲದರ ಹೊರಗೆ, ಯಾರದೋ ಹಿಡುವಳಿಯ ಬದುವಿನ ಮೇಲೆ ರೂಢಿಯಿಂದ ನಡೆದುಬಂದ ದಾರಿಗಳೂ ಇವೆ. 1882ರ ಅನುಭೋಗ ಹಕ್ಕಿನ ಕಾಯ್ದೆಯಂತೆ ಇಪ್ಪತ್ತು ವರ್ಷ ಅಡ್ಡಿಯಿಲ್ಲದೆ, ಹಕ್ಕಿನಿಂದ ಬಳಸಿದ್ದರೆ ಪಕ್ಕದ ಜಮೀನಿನವನಿಗೆ ಅದು ಹಕ್ಕಾಗುತ್ತದೆ. ಭಾನುವಾರದ ಓಟಗಾರನಿಗೆ ಆಗುವುದಿಲ್ಲ. ಅಲ್ಲಿ "ಅಣ್ಣಾ, ಹಿಂಗೆ ಹೋಗ್ಬೋದಾ?" ಎಂದು ಕೇಳಿಯೇ ಹೋಗಬೇಕು. ಬೆಳೆ ಇದ್ದರೆ ಕೇಳುವುದೂ ಬೇಡ, ಸುತ್ತಿ ಹೋಗಿ.

ಈ ದಾರಿಗಳು ಈಗ ಒಂದೊಂದಾಗಿ ಮುಚ್ಚುತ್ತಿವೆ. ಹಟ್ಟಿಯಲ್ಲೇ ಮೇವು ತಿನ್ನುವ ಸೀಮೆಹಸು ಬಂದ ಮೇಲೆ ಗುಡ್ಡಕ್ಕೆ ಹೋಗುವ ದನ ಕಡಿಮೆ. ದನ ಹೋಗದ ಜಾಡನ್ನು ಲಂಟಾನ ಎರಡು ಮಳೆಗಾಲದಲ್ಲಿ ನುಂಗುತ್ತದೆ. ಬಂಡಿದಾರಿಯನ್ನು ಜಮೀನು ಕೊಂಡವರ ತಂತಿಬೇಲಿ, ಸಿಮೆಂಟ್ ಕಂಬ ನುಂಗುತ್ತದೆ. ಮುಚ್ಚಿದ ನಕಾಶೆ ದಾರಿಗಳನ್ನು ತೆರವು ಮಾಡಿಸಿಕೊಡುವಂತೆ ಕಂದಾಯ ಇಲಾಖೆ 2023ರಲ್ಲಿ ತಹಶೀಲ್ದಾರರಿಗೆ ಸುತ್ತೋಲೆ ಕಳಿಸಿದೆ. ಅರ್ಜಿ ಕೊಡಬೇಕಾದವನು ಆ ದಾರಿಯಲ್ಲಿ ಹೊಲಕ್ಕೆ ಹೋಗುವ ರೈತ. ಅರ್ಜಿ ಬಂದ ಮೇಲೆ ಸರ್ವೆಯವರು ಬಂದು ಅಳೆಯುತ್ತಾರೆ, ಮಹಜರು ಬರೆಯುತ್ತಾರೆ, ದಾರಿ ಇತ್ತೋ ಇರಲಿಲ್ಲವೋ ಎಂದು ಅಕ್ಕಪಕ್ಕದವರನ್ನು ಕೇಳುತ್ತಾರೆ. ಬೇಲಿ ಹಾಕಿದವನಿಗೆ ಹೆದರಿ ಅಕ್ಕಪಕ್ಕದವರು ಬಾಯಿ ಬಿಡದಿರುವುದೂ ಉಂಟು. ಇಂತಹ ಜಾಗದಲ್ಲಿ ಓಟಗಾರನ ಹತ್ತಿರ ಒಂದು ಕಾಗದವಿರುತ್ತದೆ. ಇಂಥ ದಿನ, ಇಂಥ ಹೊತ್ತಿಗೆ ಈ ದಾರಿಯಲ್ಲಿ ಅಡ್ಡಿಯಿಲ್ಲದೆ ಹಾದುಹೋದೆ ಎಂಬ ಮೊಬೈಲ್ ದಾಖಲೆ, ಹೆಜ್ಜೆ ಹೆಜ್ಜೆಯ ಗೆರೆ ಸಮೇತ, ವರ್ಷಗಟ್ಟಲೆಯದು. ಅದಕ್ಕೆ ಎಷ್ಟು ತೂಕ ಕೊಡಬೇಕೆಂಬುದು ಅಧಿಕಾರಿಗೆ ಬಿಟ್ಟದ್ದು. ಆದರೆ ಅರ್ಜಿ ಹಾಕಿದ ರೈತ ಬಂದು ಕೇಳಿದರೆ ಪ್ರಿಂಟ್ ತೆಗೆದು, ಸಹಿ ಹಾಕಿ ಕೊಡಿ.